ಮಾಸ್ಕ್ ಹಾಕುವುದು, ಬಿಡುವುದು ನನ್ನಿಷ್ಟವಲ್ಲವೇ?

ಓದುಗರ ಪ್ರಶ್ನೆಗಳಿಗೆ ಈ ವಾರ ಉತ್ತರಿಸಿದವರು ಶಿವಮೊಗ್ಗದ ನಿವೃತ್ತ ವೈದ್ಯರು, ಸಮುದಾಯ ವೈದ್ಯಶಾಸ್ತ್ರದ ಪ್ರಾಧ್ಯಾಪಕರಾಗಿದ್ದವರು.

ಪ್ರಶ್ನೆ: ನನಗೆ 58 ವರ್ಷ. ಸಾಗರ ತಾಲ್ಲೂಕಿನಲ್ಲಿ ಎರಡು ಎಕರೆ ಅಡಿಕೆ ತೋಟವಿದೆ. ಕೊರೊನಾ ಕಾಲದಲ್ಲಿ ಪೇಟೆಗೆ ಹೋದಾಗ ಮಾಸ್ಕ್ ಮೂಗಿನಿಂದ ಕೆಳಗೆ ಜಾರಿತ್ತೆಂದು ದಂಡ ಕಟ್ಟಿ ಬಂದೆ. ಆ ಸಿಟ್ಟು ಇನ್ನೂ ಇಳಿದಿಲ್ಲ. ನಮ್ಮಲ್ಲಿ ಮಂಗನ ಕಾಯಿಲೆಯ ಹೆದರಿಕೆ ಪ್ರತಿ ಬೇಸಿಗೆಯಲ್ಲೂ ಇದ್ದದ್ದೇ. ಕಾಡಿಗೆ ಹೋಗುವಾಗ ಉಣುಗು ಕಚ್ಚದಂತೆ ಮೈಗೆ ಹಚ್ಚಿಕೊಳ್ಳಿ ಎಂದು ಡೆಪಾ ಎಣ್ಣೆ ಹಂಚುತ್ತಾರೆ. ಹಚ್ಚಿಕೊಳ್ಳದವನಿಗೆ ಯಾರೂ ದಂಡ ಹಾಕುವುದಿಲ್ಲ. ಮಾಸ್ಕ್ ವಿಷಯದಲ್ಲಿ ಮಾತ್ರ ಬಲವಂತವೇಕೆ? ನಾಳೆ ಇನ್ನೊಂದು ಸಾಂಕ್ರಾಮಿಕ ಬಂದರೆ, ಕಾನೂನಿನ ಮಾತು ಬಿಡಿ, ಮಾಸ್ಕ್ ಹಾಕಲೇಬೇಕೆಂಬ ನೈತಿಕ ಹೊಣೆ ನನಗಿದೆಯೇ?

ಉತ್ತರ: ಮಂಗನ ಕಾಯಿಲೆಯ ಹೋಲಿಕೆ ನನಗೆ ಹಿಡಿಸಿತು. ಇಷ್ಟು ವರ್ಷ ಪಾಠ ಹೇಳಿದ ನನಗೇ ಅದು ಹೊಳೆದಿರಲಿಲ್ಲ. ಆದರೆ ನೀವು ಆರಿಸಿಕೊಂಡ ಕಾಯಿಲೆ ನಿಮ್ಮ ವಾದದ ಪರವಾಗಿ ಸಾಕ್ಷಿ ಹೇಳುವುದಿಲ್ಲ.

1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ ಆ ಕಾಯಿಲೆ ಉಣುಗು ಕಚ್ಚಿ ಬರುವಂಥದ್ದು. ಮನುಷ್ಯನಿಂದ ಮನುಷ್ಯನಿಗೆ ದಾಟುವುದಿಲ್ಲ. ಸೊಪ್ಪಿನ ಬೆಟ್ಟಕ್ಕೆ ಹೋದವನು ಎಣ್ಣೆ ಹಚ್ಚಿಕೊಳ್ಳದಿದ್ದರೆ ಜ್ವರದಲ್ಲಿ ಮಲಗುವವನು ಅವನೇ. ಅದು ಹೆಡ್ಡತನ ಇರಬಹುದು, ಅನ್ಯಾಯವಲ್ಲ. ಆದರೆ ಅದೇ ಮನುಷ್ಯ ದಾರಿಯಲ್ಲಿ ಸತ್ತ ಮಂಗವನ್ನು ಕಂಡೂ ಯಾರಿಗೂ ಹೇಳದೆ ಮನೆಗೆ ಬಂದು ಊಟಕ್ಕೆ ಕುಳಿತರೆ ಆಗ ನನ್ನ ಮಾತು ಬದಲಾಗುತ್ತದೆ. ಸತ್ತ ಮಂಗನ ಮೈಯಿಂದ ಇಳಿದ ಉಣುಗು ಮುಂದೆ ಯಾರ ಕಾಲಿಗೆ ಹತ್ತುತ್ತದೋ ಯಾರಿಗೆ ಗೊತ್ತು? 2019ರಲ್ಲಿ ನಿಮ್ಮ ತಾಲ್ಲೂಕಿನ ಅರಳಗೋಡಿನ ಸುತ್ತ ಈ ಕಾಯಿಲೆಯಿಂದ ಜನ ಸತ್ತದ್ದನ್ನು ನೀವು ನನಗಿಂತ ಹತ್ತಿರದಿಂದ ಕಂಡವರು. ಎಣ್ಣೆ ನಿಮ್ಮದು, ಮಂಗ ಸತ್ತ ಸುದ್ದಿ ಊರಿನದು.

ನಿಮ್ಮ ತೋಟದಲ್ಲೇ ಇದಕ್ಕಿಂತ ಹತ್ತಿರದ ಹೋಲಿಕೆಯಿದೆ. ಮುಂಗಾರಿಗೆ ಮೊದಲು ನೀವು ಅಡಿಕೆಗೆ ಕೊಳೆರೋಗ ತಗುಲದಂತೆ ಮೈಲುತುತ್ತ, ಸುಣ್ಣ ಕದಡಿ ಕೊಳೆ ಔಷಧಿ ಹೊಡೆಸುತ್ತೀರಿ. ಮರ ಹತ್ತುವ ಕೊನೆಗಾರ ಸಿಗದಿದ್ದರೆ ಕೈಕಾಲು ಹಿಡಿದಾದರೂ ಕರೆತರುತ್ತೀರಿ. ಪಕ್ಕದ ತೋಟದವನು ಮಾತ್ರ ‘ನನ್ನ ಮರ, ನನ್ನ ಗೊನೆ, ಕೊಳೆತರೆ ಕೊಳೆಯಲಿ’ ಎಂದು ಸುಮ್ಮನಿದ್ದ. ಆಷಾಢದ ಗಾಳಿಮಳೆಯಲ್ಲಿ ಅವನ ಕೊಳೆ ಬೇಲಿ ದಾಟಿ ನಿಮ್ಮ ಮರಕ್ಕೆ ಬಂತು. ಸರ್ಕಾರ ಅವನಿಗೆ ದಂಡ ಹಾಕುವುದಿಲ್ಲ. ಆದರೆ ‘ಅವನ ತೋಟ, ಅವನಿಷ್ಟ’ ಎಂದು ನೀವು ಸುಮ್ಮನಿರುತ್ತೀರಾ? ಮಲೆನಾಡಿನಲ್ಲಿ ಇಷ್ಟಕ್ಕೇ ವರ್ಷಗಟ್ಟಲೆ ಮಾತು ಬಿಟ್ಟ ಮನೆಗಳಿವೆ.

ಮಾಸ್ಕ್ ಎಣ್ಣೆಯ ಜಾತಿಗೆ ಸೇರಿದ್ದಲ್ಲ, ಕೊಳೆ ಔಷಧಿಯ ಜಾತಿಗೆ ಸೇರಿದ್ದು. ಅದರ ಹುಟ್ಟನ್ನು ನೋಡಿದರೂ ಇದು ಗೊತ್ತಾಗುತ್ತದೆ. ಮಾತನಾಡುವಾಗ ಬಾಯಿಂದ ಸಿಡಿಯುವ ಸಣ್ಣ ಹನಿಗಳಲ್ಲಿ ಬ್ಯಾಕ್ಟೀರಿಯಾ ಇರುತ್ತದೆಂದು ಜರ್ಮನಿಯ ಕಾರ್ಲ್ ಫ್ಲ್ಯೂಗೆ ತೋರಿಸಿಕೊಟ್ಟ ಮೇಲೆ, 1897ರಲ್ಲಿ ಮಿಕುಲಿಚ್ ಎಂಬ ಶಸ್ತ್ರವೈದ್ಯರು ಬಾಯಿಗೆ ತೆಳುಬಟ್ಟೆ ಕಟ್ಟಿಕೊಂಡು ಶಸ್ತ್ರಚಿಕಿತ್ಸೆ ಮಾಡತೊಡಗಿದರು. ಮೇಜಿನ ಮೇಲೆ ಮೈ ತೆರೆದು ಮಲಗಿದ ರೋಗಿಗೆ ತಮ್ಮ ಬಾಯಿಯ ಹನಿ ತಾಗದಿರಲಿ ಎಂಬುದೇ ಅವರ ಉದ್ದೇಶವಾಗಿತ್ತು. ಹಾಕಿಕೊಂಡವನಿಗೂ ಮಾಸ್ಕಿನಿಂದ ರಕ್ಷಣೆಯಿದೆ, ಎನ್-95 ಆದರೆ ಚೆನ್ನಾಗಿಯೇ ಇದೆ. ಆದರೂ ಅದು ಹುಟ್ಟಿದ್ದು ಎದುರಿಗಿದ್ದವನಿಗಾಗಿ.

ಇಲ್ಲಿ ನನ್ನದೇ ಒಂದು ಪೆದ್ದುತನ ಹೇಳಿಬಿಡುತ್ತೇನೆ. 2020ರ ಬೇಸಿಗೆಯಲ್ಲಿ ಬಿರಡೆಯಂಥ ಕವಾಟವಿರುವ ದುಬಾರಿ ಎನ್-95 ಕೊಂಡು ಗತ್ತಿನಿಂದ ಓಡಾಡಿದೆ. ಒಳಗೆ ಬರುವ ಗಾಳಿಯನ್ನು ಅದು ಸೋಸುತ್ತಿತ್ತು, ಹೊರಗೆ ಬಿಡುವುದನ್ನು ಹಾಗೆಯೇ ಬಿಡುತ್ತಿತ್ತು. ಜುಲೈಯಲ್ಲಿ ಕೇಂದ್ರದ ಆರೋಗ್ಯ ಸೇವೆಗಳ ಮಹಾನಿರ್ದೇಶನಾಲಯ ಇಂಥವನ್ನು ಬಳಸಬೇಡಿ ಎಂದು ರಾಜ್ಯಗಳಿಗೆ ಪತ್ರ ಬರೆದ ಮೇಲೆ ತಲೆ ತಗ್ಗಿಸಿದೆ. ನನ್ನನ್ನು ಕಾಪಾಡಿಕೊಂಡು ಎದುರಿನವರ ಮುಖಕ್ಕೆ ಊದುತ್ತಿದ್ದೆ, ಅದೂ ಪಾಠ ಹೇಳಿದ ಮೇಷ್ಟ್ರು!

ಸೋಂಕು ತಗುಲಿದರೂ ಲಕ್ಷಣ ಕಾಣದವರು ಕೊರೊನಾ ಹರಡಬಲ್ಲವರಾಗಿದ್ದರು. ‘ನನಗೆ ಜ್ವರವಿಲ್ಲ, ನನ್ನಿಂದ ಯಾರಿಗೇನು’ ಎಂಬ ಮಾತು ಅಲ್ಲಿಗೇ ಬಿದ್ದುಹೋಯಿತು. ಹಾಗಾಗಿ ನಿಮ್ಮ ಪ್ರಶ್ನೆಗೆ ನನ್ನ ಉತ್ತರ: ಹೌದು, ಹೊಣೆ ಇದೆ. ಆದರೆ ಅದು ಎಲ್ಲ ಕಡೆ ಒಂದೇ ತೂಕದ್ದಲ್ಲ. ನಿಮ್ಮ ತೋಟದಲ್ಲಿ ನೀವೊಬ್ಬರೇ ಇದ್ದಾಗ ಅದರ ತೂಕ ಸೊನ್ನೆ. ಕಾರಿನಲ್ಲಿ ಒಬ್ಬರೇ ಇದ್ದರೂ ಮಾಸ್ಕ್ ಬೇಕೆಂದು 2021ರ ಏಪ್ರಿಲ್‌ನಲ್ಲಿ ದೆಹಲಿ ಹೈಕೋರ್ಟ್ ಹೇಳಿತ್ತು. ಕಾನೂನು ಜಾರಿಗೆ ಅದು ಸುಲಭವಿರಬಹುದು, ನೀತಿಯ ದೃಷ್ಟಿಯಿಂದ ಅದರಲ್ಲಿ ಹುರುಳಿದೆ ಎಂದು ನನಗೆ ಅನ್ನಿಸಿಲ್ಲ. ಗಾಳಿಯಾಡದ ಸೊಸೈಟಿ ಕಚೇರಿ, ಆಸ್ಪತ್ರೆಯ ಸಾಲು, ಪಡಿತರ ಅಂಗಡಿ ಇವುಗಳಲ್ಲಿ ತೂಕ ಏರುತ್ತದೆ. ಅಲ್ಲಿಗೆ ಬಂದವರಿಗೆ ಬಾರದೆ ಇರುವ ಆಯ್ಕೆಯಿಲ್ಲ. ಡಯಾಲಿಸಿಸ್‌ಗೆಂದು ವಾರಕ್ಕೆರಡು ಸಲ ಬರುವವರು ನಿಮ್ಮ ಉಸಿರಿನಿಂದ ದೂರ ಹೋಗಿ ನಿಲ್ಲುವುದಾದರೂ ಎಲ್ಲಿ?

ಮಾಸ್ಕಿನಿಂದ ಎಷ್ಟು ಪ್ರಯೋಜನ ಎಂಬುದನ್ನೂ ಉಪ್ಪುಖಾರ ಹಚ್ಚದೆ ಹೇಳಬೇಕು. ಬಾಂಗ್ಲಾದೇಶದ 600 ಹಳ್ಳಿಗಳಲ್ಲಿ, 3 ಲಕ್ಷಕ್ಕೂ ಹೆಚ್ಚು ಜನರ ನಡುವೆ ದೊಡ್ಡ ಪ್ರಯೋಗವೊಂದು ನಡೆಯಿತು. ಮಾಸ್ಕನ್ನು ಉಚಿತವಾಗಿ ಹಂಚಿ, ಮತ್ತೆ ಮತ್ತೆ ನೆನಪಿಸಿದ ಹಳ್ಳಿಗಳಲ್ಲಿ ಸರಿಯಾಗಿ ಧರಿಸುವವರ ಪ್ರಮಾಣ ಶೇ 13ರ ಬದಲು ಶೇ 42 ಇತ್ತು. ಲಕ್ಷಣಸಹಿತ ಸೋಂಕು ಶೇ 9ರಷ್ಟು ತಗ್ಗಿತು. ಸರ್ಜಿಕಲ್ ಮಾಸ್ಕ್ ಹಂಚಿದ ಕಡೆ 60 ದಾಟಿದವರಲ್ಲಿ ಇಳಿಕೆ ಶೇ 35ರಷ್ಟಿತ್ತು. ಬಟ್ಟೆಯ ಮಾಸ್ಕಿನ ಫಲಿತಾಂಶ ಸ್ಪಷ್ಟವಾಗಲಿಲ್ಲ. ಇದನ್ನು ರಾಮಬಾಣ ಎನ್ನುವವರೂ ತಪ್ಪು, ಬರೀ ನಾಟಕ ಎನ್ನುವವರೂ ತಪ್ಪು. ನನ್ನ ತ್ರಾಸ ಒಂದು ಗಂಟೆಯದು, ಲಾಭ ನಿಮ್ಮ ತಾಯಿಯ ವಯಸ್ಸಿನವರದು. ಈ ಲೆಕ್ಕದಲ್ಲಿ ನನಗೆ ಗೊಂದಲವಿಲ್ಲ.

ಇನ್ನು ನಿಮ್ಮ ದಂಡ. 2020ರ ಅಕ್ಟೋಬರ್‌ನಲ್ಲಿ ರಾಜ್ಯ ಸರ್ಕಾರ ದಂಡವನ್ನು ನಗರಗಳಲ್ಲಿ 1,000, ಉಳಿದೆಡೆ 500 ರೂಪಾಯಿಗೆ ಏರಿಸಿ, ಜನ ಬೊಬ್ಬೆ ಹಾಕಿದ ಮೇಲೆ ವಾರದೊಳಗೆ 250 ಮತ್ತು 100ಕ್ಕೆ ಇಳಿಸಿತು. ದಿನಗೂಲಿಯವನ ಜೇಬಿಗೆ ಕೈ ಹಾಕಿದ ಹೊತ್ತಿನಲ್ಲೇ ದೊಡ್ಡವರ ಸಭೆಗಳಲ್ಲಿ ಮಾಸ್ಕ್ ಗಲ್ಲದ ಮೇಲೆ ತೂಗುತ್ತಿತ್ತು. ನಿಮ್ಮ ಸಿಟ್ಟು ನ್ಯಾಯವಾದದ್ದೇ. ತಜ್ಞರೂ ಮಾತು ಬದಲಿಸಿದರು. ಆರೋಗ್ಯವಂತರೆಲ್ಲ ಮಾಸ್ಕ್ ಹಾಕಬೇಕಿಲ್ಲ ಎನ್ನುತ್ತಿದ್ದ ವಿಶ್ವ ಆರೋಗ್ಯ ಸಂಸ್ಥೆ 2020ರ ಜೂನ್ 5ರಂದು ತನ್ನ ಸಲಹೆಯನ್ನು ತಿದ್ದಿಕೊಂಡಿತು. ತಿದ್ದಿಕೊಂಡದ್ದು ತಪ್ಪಲ್ಲ. ಮೊದಲು ಅಷ್ಟು ಖಚಿತವಾಗಿ ಹೇಳಿದ್ದು ತಪ್ಪು. ಆದರೆ ದಂಡ ಹಾಕಿದವನ ಮೇಲಿನ ಕೋಪವನ್ನು ಪಡಿತರ ಅಂಗಡಿಯ ಸಾಲಿನಲ್ಲಿ ನಿಂತ ಮುದುಕಿಯ ಮೇಲೆ ತೀರಿಸಿಕೊಳ್ಳುವುದು ಸರಿಯಲ್ಲವಲ್ಲ.

ಪ್ರಶ್ನೆ: ಡಾಕ್ಟರೇ, ಹೊಸನಗರದ ಕಡೆಯವಳು ನಾನು. ಸುಗ್ಗಿಯಲ್ಲಿ ನಮ್ಮ ಮನೆಯ ಚಪ್ಪರದಲ್ಲಿ ಹನ್ನೆರಡು, ಹದಿನೈದು ಹೆಂಗಸರು ಅಡಿಕೆ ಸುಲಿಯಲು ಕೂರುತ್ತಾರೆ. ಕೊರೊನಾ ಕಾಲದಲ್ಲಿ ಕೆಲವರು ಕೆಮ್ಮುತ್ತಲೇ ಬಂದರು. ಮಾಸ್ಕ್ ಹಾಕಿ ಎಂದರೆ ಉಸಿರು ಕಟ್ಟುತ್ತದೆ ಎಂದರು. ಹಾಕದಿದ್ದರೆ ಬರಬೇಡಿ ಎಂದು ಕಡ್ಡಾಯವಾಗಿ ಹೇಳಬೇಕಿತ್ತೇ? ಇಂದಿಗೂ ಮನಸ್ಸಿನಲ್ಲಿ ಕೊರೆಯುತ್ತದೆ.

ಉತ್ತರ: ಹೇಳುವ ಅಧಿಕಾರ ನಿಮಗಿತ್ತು ತಾಯಿ. ಆದರೆ ಅದಕ್ಕೆ ಮೊದಲು ಮಾಡಬೇಕಾದ ಕೆಲಸವೊಂದು ನಿಮ್ಮ ಪಾಲಿನದಾಗಿತ್ತು. ಕೆಮ್ಮುತ್ತಾ ಬಂದವಳು ಹಟಕ್ಕೆ ಬಂದವಳಲ್ಲ. ಸುಲಿದಷ್ಟಕ್ಕೆ ಕೂಲಿ. ಒಂದು ದಿನ ಮನೆಯಲ್ಲಿ ಮಲಗಿದರೆ ಆ ದಿನದ ಅಕ್ಕಿ ಇಲ್ಲ. ‘ಹುಷಾರಿಲ್ಲದಿದ್ದರೆ ಬರಬೇಡ, ಎರಡು ದಿನದ ಕೂಲಿ ನಾನು ಕೊಡುತ್ತೇನೆ’ ಎಂದು ಹೇಳಿದ ಮೇಲೆ ‘ಬರುವುದಾದರೆ ಮಾಸ್ಕ್ ಹಾಕಿಕೊ’ ಎನ್ನಲು ನಿಮ್ಮ ನಾಲಿಗೆಗೆ ಬಲ ಬರುತ್ತದೆ. ಬರೀ ಎರಡನೆಯದನ್ನು ಹೇಳಿದರೆ ರೋಗದ ಹೊಣೆಯನ್ನೆಲ್ಲ ಬಡವಳ ಮೂಗಿಗೆ ಕಟ್ಟಿದಂತಾಗುತ್ತದೆ.

ಉಸಿರು ಕಟ್ಟುತ್ತದೆ ಎಂಬುದನ್ನು ನೆಪವೆಂದು ತಳ್ಳಿಹಾಕಬೇಡಿ. ಮೆಟ್ಟುಗತ್ತಿಯ ಮುಂದೆ ಬಗ್ಗಿ ಕೂತು ನಡುರಾತ್ರಿಯವರೆಗೆ ಸುಲಿಯುವಾಗ ಬೆವರಿಗೆ ಒದ್ದೆಯಾದ ಬಟ್ಟೆ ಮುಖಕ್ಕೆ ಅಂಟಿದರೆ ಹಿಂಸೆಯೇ. ಬದಲಿಸಲು ಒಣಗಿದ ಮಾಸ್ಕ್ ಕೊಡಬೇಕು, ನಡುನಡುವೆ ಎದ್ದು ಅಂಗಳದಲ್ಲಿ ಉಸಿರಾಡಿ ಬರಲು ಬಿಡಬೇಕು. ಚಳಿಗೆಂದು ಚಪ್ಪರದ ಸುತ್ತ ಕಟ್ಟಿದ ಟಾರ್ಪಾಲು ಬಿಚ್ಚಿದರೆ ಗಾಳಿಯೇ ಅರ್ಧ ಕೆಲಸ ಮಾಡುತ್ತದೆ.

ಒಂದು ತಮಾಷೆಯನ್ನೂ ಹೇಳಲೇಬೇಕು. ಆ ಕಾಲದಲ್ಲಿ ಹಳ್ಳಿಗಳಲ್ಲಿ ನಾನು ಮಾಸ್ಕ್ ಬಗ್ಗೆ ಭಾಷಣ ಮಾಡುವಾಗ ಅದನ್ನು ಹಾಕದೆ ಕೂತವರಲ್ಲಿ ಹೆಂಗಸರಿಗಿಂತ ಯಜಮಾನರೇ ಹೆಚ್ಚು. ಕಾರಣ ಸ್ವಾತಂತ್ರ್ಯವೂ ಅಲ್ಲ, ಉಸಿರೂ ಅಲ್ಲ. ಬಾಯಲ್ಲಿ ಎಲೆಅಡಿಕೆಯ ಕವಳ. ಕವಳ ತುಂಬಿದ ಬಾಯಿಗೆ ಮಾಸ್ಕ್ ಹಾಕಿದರೆ ಉಗಿಯುವುದೆಲ್ಲಿ? ನಿಮ್ಮ ಮನೆಯ ಚಪ್ಪರದಲ್ಲೂ ಕಡ್ಡಾಯ ಮಾಡುವುದಾದರೆ ಮೊದಲು ನಿಮ್ಮ ಯಜಮಾನರಿಂದ ಶುರು ಮಾಡಿ.

ಪ್ರಶ್ನೆ: ನನ್ನ ಮಗಳಿಗೆ ಕಿವಿ ಕೇಳಿಸುವುದಿಲ್ಲ, ತುಟಿಯ ಚಲನೆ ನೋಡಿ ಮಾತು ತಿಳಿಯುತ್ತಾಳೆ. ಎಲ್ಲರೂ ಮಾಸ್ಕ್ ಹಾಕಿದ ಆ ಎರಡು ವರ್ಷ ಅವಳಿಗೆ ಲೋಕವೇ ಮೂಕವಾಗಿತ್ತು. ಟೀಚರ್ ಬಳಿ ಮಾಸ್ಕ್ ತೆಗೆದು ಮಾತಾಡಿ ಎಂದು ಕೇಳಿದ್ದು ಸ್ವಾರ್ಥವೇ? (ಭದ್ರಾವತಿಯ ತಾಯಿ)

ಉತ್ತರ: ಖಂಡಿತ ಅಲ್ಲ. ಮಾಸ್ಕ್ ಇರುವುದು ಎದುರಿನವರ ಒಳಿತಿಗೆ. ನಿಮ್ಮ ಮಗಳೂ ಎದುರಿನವಳೇ. ಬಾಯಿಯ ಭಾಗದಲ್ಲಿ ಪಾರದರ್ಶಕ ಹಾಳೆಯಿರುವ ಮಾಸ್ಕುಗಳಿವೆ. ಅದು ಸಿಗದಿದ್ದರೆ ಟೀಚರ್ ಬಯಲಿನಲ್ಲಿ ಆರಡಿ ದೂರ ನಿಂತು ಮುಖ ತೋರಿಸಿ ಮಾತಾಡಬಹುದು. ಐದು ವರ್ಷದೊಳಗಿನ ಮಕ್ಕಳಿಗೆ ಮಾಸ್ಕ್ ಕಡ್ಡಾಯ ಬೇಡವೆಂದು ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ 2020ರಲ್ಲೇ ಹೇಳಿದ್ದವು. ವಿನಾಯಿತಿಗೆ ಜಾಗವಿಡದ ನಿಯಮ ಬರೆದವರು ಸೋಮಾರಿಗಳು.

ಪ್ರಶ್ನೆ: ನಾನು ತೀರ್ಥಹಳ್ಳಿಯಿಂದ ಶಿವಮೊಗ್ಗಕ್ಕೆ ದಿನವೂ ಬಸ್ಸಿನಲ್ಲಿ ಕಾಲೇಜಿಗೆ ಓಡಾಡುವ ವಿದ್ಯಾರ್ಥಿನಿ. ಮಳೆಗಾಲದಲ್ಲಿ ಗಾಜೆಲ್ಲ ಮುಚ್ಚಿರುತ್ತದೆ. ಈಗ ಸಾಂಕ್ರಾಮಿಕವೇನೂ ಇಲ್ಲ, ಆದರೆ ಪಕ್ಕದಲ್ಲಿ ಕೂತವರು ಬಿಡದೆ ಕೆಮ್ಮಿದರೆ ಮಾಸ್ಕ್ ಹಾಕಿ ಎನ್ನಬಹುದೇ? ಹಿರಿಯರಿಗೆ ಹೇಳುವುದು ಹೇಗೆ?

ಉತ್ತರ: ಮಂಡಗದ್ದೆ ದಾಟುವಷ್ಟರಲ್ಲಿ ಆ ಬಸ್ಸಿನ ಗಾಜು ಉಸಿರಿನ ಹಬೆಗೆ ಮಂಜಾಗಿ ಹೊರಗಿನ ತುಂಗೆಯೂ ಕಾಣುವುದಿಲ್ಲ. ಅಷ್ಟು ಜನರ ಉಸಿರು ಅಲ್ಲೇ ಸುತ್ತುತ್ತಿದೆ ಎಂದು ತಿಳಿಯಲು ಬೇರೆ ಯಂತ್ರ ಬೇಡ. ಕೇಳುವ ಹಕ್ಕು ನಿನಗಿದೆ ಮಗಳೇ. ಗದರುವ ಹಕ್ಕು ಇಲ್ಲ, ಏಕೆಂದರೆ ಆ ಕೆಮ್ಮು ದಮ್ಮಿನದೋ, ಬೀಡಿಯದೋ, ಕ್ಷಯದ್ದೋ ನಿನಗೆ ಗೊತ್ತಿಲ್ಲ. ಕೊರೊನಾದಲ್ಲಿ ಕೆಮ್ಮಿದವರನ್ನು ಅರ್ಧ ದಾರಿಯಲ್ಲಿ ಇಳಿಸಿದ ಕಥೆಗಳನ್ನು ಕೇಳಿದ್ದೇನೆ. ಅದು ಮಾಸ್ಕ್ ಹಾಕದಿರುವುದಕ್ಕಿಂತ ಕೆಟ್ಟದ್ದು.

ಚೀಲದಲ್ಲಿ ಒಡೆಯದ ಪೊಟ್ಟಣದ ನಾಲ್ಕು ಮಾಸ್ಕ್ ಇಟ್ಟುಕೋ. ಮೊದಲು ನೀನೊಂದು ಹಾಕಿಕೋ. ಆಮೇಲೆ ಇನ್ನೊಂದನ್ನು ಮುಂದೆ ಹಿಡಿದು, ‘ಅಜ್ಜ, ನನ್ನ ಹತ್ತಿರ ಇನ್ನೊಂದಿದೆ, ಬೇಕಾ?’ ಎಂದು ಕೇಳು. ತೆಗೆದುಕೊಂಡರೆ ಸರಿ. ಇಲ್ಲವೆಂದರೆ ಎದ್ದುಹೋಗಿ ಬೇರೆ ಸೀಟು ಹುಡುಕು. ಅದೂ ಸಿಗದಿದ್ದರೆ ನಿನ್ನ ಕಡೆಯ ಗಾಜನ್ನು ನಾಲ್ಕು ಬೆರಳಷ್ಟು ಸರಿಸು. ಇಬ್ಬರ ತೋಳೂ ಸ್ವಲ್ಪ ನೆನೆಯುತ್ತದೆ, ಅದಕ್ಕೆ ಅಜ್ಜನ ಒಪ್ಪಿಗೆಯನ್ನೂ ಕೇಳು.