ಕಾಲಿನಲ್ಲಿ ರಾಡ್ ಇದ್ದವರಿಗೆ ಎಂಆರ್‌ಐ: ಒಂದು ಪ್ರತಿಕ್ರಿಯೆ

ಅಡಿಕೆ ಮರದಿಂದ ಬಿದ್ದು ಹಿಂದೆಂದೋ ಕಾಲಿಗೆ ರಾಡ್ ಹಾಕಿಸಿಕೊಂಡ ನಿಮ್ಮ ತಂದೆಯವರನ್ನು ತೀರ್ಥಹಳ್ಳಿಯಿಂದ ಶಿವಮೊಗ್ಗಕ್ಕೆ ಸೊಂಟದ ಎಂಆರ್‌ಐಗೆ (ಕಾಂತ ಬಳಸಿ ದೇಹದೊಳಗಿನ ಚಿತ್ರ ತೆಗೆಯುವ ಸ್ಕ್ಯಾನ್) ಕರೆದೊಯ್ಯಬಹುದೇ, ವಿಕಿರಣದ ಅಪಾಯವಿದೆಯೇ ಎಂದು ಕೇಳಿದ್ದೀರಿ.

ವಿಕಿರಣದ ಚಿಂತೆ ಬಿಡಿ. ಇದರಲ್ಲಿ ಎಕ್ಸ್‌ರೇ ಇಲ್ಲವೇ ಇಲ್ಲ. ದೇಹದ ನೀರು ಮತ್ತು ಕೊಬ್ಬಿನಲ್ಲಿರುವ ಹೈಡ್ರೋಜನ್ ನ್ಯೂಕ್ಲಿಯಸ್‌ಗಳು, ಅಂದರೆ ಪರಮಾಣುವಿನ ನಡುವಿನ ತಿರುಳುಗಳು, ಬಲವಾದ ಕಾಂತಕ್ಷೇತ್ರದ ದಿಕ್ಕಿಗೆ ಸಾಲುಗೂಡುತ್ತವೆ. ರೇಡಿಯೋ ತರಂಗ ಹಾಯಿಸಿದಾಗ ವಾಲಿ, ಅದು ನಿಂತೊಡನೆ ಮೊದಲಿನ ಸ್ಥಿತಿಗೆ ಮರಳುತ್ತಾ ಸಂಕೇತ ಹೊಮ್ಮಿಸುತ್ತವೆ. ಮರಳುವ ವೇಗ ಒಂದೊಂದು ಅಂಗಾಂಶದಲ್ಲಿ ಒಂದೊಂದು ಬಗೆ. ಆ ವ್ಯತ್ಯಾಸವೇ ಚಿತ್ರವಾಗುತ್ತದೆ. ಬೆನ್ನುಮೂಳೆಗಳ ನಡುವಿನ ಡಿಸ್ಕ್ ಜಾರಿ ನರವನ್ನು ಒತ್ತುತ್ತಿದೆಯೇ ಎಂಬುದು ಎಕ್ಸ್‌ರೇಯಲ್ಲಿ ಕಾಣದು, ಇದರಲ್ಲಿ ನಿಚ್ಚಳವಾಗಿ ಕಾಣುತ್ತದೆ.

ಇನ್ನು ರಾಡ್. ಟೈಟಾನಿಯಂನದ್ದಾದರೆ ಸಾಮಾನ್ಯವಾಗಿ ತೊಂದರೆಯಿಲ್ಲ. ಕಾಲಿನಲ್ಲಿರುವುದರಿಂದ ಸೊಂಟದ ಚಿತ್ರವೂ ಕೆಡುವುದಿಲ್ಲ. ಆದರೂ ನಿರ್ಧಾರ ಅಲ್ಲಿನ ಸಿಬ್ಬಂದಿಯದು, ಶಸ್ತ್ರಚಿಕಿತ್ಸೆಯ ಹಳೆಯ ಕಾಗದಪತ್ರ ಒಯ್ಯಿರಿ. ಪೇಸ್‌ಮೇಕರ್, ಮಿದುಳಿನ ರಕ್ತನಾಳದ ಕ್ಲಿಪ್, ಎಂದೋ ಕಣ್ಣಿಗೆ ಸಿಡಿದ ಕಬ್ಬಿಣದ ಚೂರು ಇದ್ದರೆ ಮೊದಲೇ ಹೇಳಲೇಬೇಕು.

ನನಗೆ ಹೆಚ್ಚು ಭಯ ಅವರ ಎಲೆಅಡಿಕೆ ಸಂಚಿಯದು! 1.5 ಟೆಸ್ಲಾ (ಕಾಂತಕ್ಷೇತ್ರದ ಬಲದ ಅಳತೆ) ಯಂತ್ರವೆಂದರೆ ಭೂಮಿಯ ಕಾಂತಕ್ಷೇತ್ರದ ಸುಮಾರು 30,000 ಪಟ್ಟು, ಸ್ಕ್ಯಾನ್ ನಡೆಯದಿರುವಾಗಲೂ ಅದು ಆರಿರುವುದಿಲ್ಲ. ಅಡಕತ್ತರಿ ಕೈಯಿಂದ ಕಿತ್ತು ಹಾರೀತು. ಸಂಚಿ, ಉಡಿದಾರ, ಮೊಬೈಲ್ ಎಲ್ಲವೂ ಹೊರಗೇ ಇರಲಿ.

ಒಳಗೆ ದಡದಡ ಸದ್ದು ಜೋರು. ಕಿವಿಗೆ ಮುಚ್ಚಲು ಕೊಡುತ್ತಾರೆ. ಗಾಬರಿಯಾದರೆ ಒತ್ತಲು ಕೈಯಲ್ಲೊಂದು ರಬ್ಬರ್ ಉಂಡೆಯೂ ಇರುತ್ತದೆ, ಅದನ್ನು ಅವರಿಗೆ ಮನೆಯಲ್ಲೇ ಹೇಳಿಡಿ.