ಚಿತ್ರ ಬರೆಯಲು ಬಾರದವರು ಗ್ಲಾಸ್ ಆರ್ಟ್ ಕ್ಲಾಸಿಗೆ ಸೇರಬಹುದಾ?

ನೀವು ಕೇಳಿರುವುದು ಮೂರು ವಿಷಯ. ಚಿತ್ರ ಬರೆಯಲು ಬರುವುದಿಲ್ಲ, ನಡೆಯುತ್ತಾ? ಕೈ ಕುಯ್ದುಕೊಳ್ಳುತ್ತೇನಾ? ಮನೆ ಹತ್ತಿರದ ಸ್ಟುಡಿಯೋದಲ್ಲಿ ಒಂದೇ ಒಂದು ಭಾನುವಾರದ ಕ್ಲಾಸಿಗೆ ಮೂರು ಸಾವಿರ ಚಿಲ್ಲರೆ ಕೊಡುವುದು ದಂಡವಾ? ನಡೆಯುತ್ತದೆ. ಸ್ವಲ್ಪ ಕುಯ್ದುಕೊಳ್ಳುತ್ತೀರಿ. ದಂಡವಲ್ಲ, ಆದರೆ ಅಲ್ಲಿ ನಿಜವಾಗಿ ಏನು ಕಲಿಸುತ್ತಾರೆ ಅಂತ ಕೇಳಿಕೊಂಡ ಮೇಲೆ ದುಡ್ಡು ಕಟ್ಟಿ.

ನಾನು ಬೆಂಗಳೂರಿನಲ್ಲಿ ಲೆಕ್ಕಪತ್ರ ನೋಡುವವಳು, ವಯಸ್ಸು 42. ಏಳು ಚುಕ್ಕಿಗಿಂತ ದೊಡ್ಡ ರಂಗೋಲಿ ಹಾಕಲು ಹೋದರೆ ಒಂದು ಮೂಲೆ ಸೊಟ್ಟ ಆಗಿಯೇ ಆಗುತ್ತದೆ. ಹೋದ ವರ್ಷ ಇಂಥದ್ದೇ ಕ್ಲಾಸಿಗೆ ಹೋಗಿದ್ದೆ. ಅದಕ್ಕೂ ಮೊದಲು ಇನ್ನೊಂದು ಕಡೆ ಹೋಗಿ ಪೆಚ್ಚಾಗಿದ್ದೆ, ಅದನ್ನು ಮೊದಲು ಹೇಳಿಬಿಡುತ್ತೇನೆ.

ಆ ಜಾಗದವರು ಸ್ಟೇನ್ಡ್ ಗ್ಲಾಸ್, ಅಂದರೆ ಬಣ್ಣದ ಗಾಜಿನ ತುಂಡು ಜೋಡಿಸಿ ಚಿತ್ರ ಮಾಡುವುದು, ಕಲಿಸುತ್ತೇವೆ ಅಂತಲೇ ಹಾಕಿದ್ದರು. ಹೋಗಿ ಕೂತರೆ ಫೋಟೋಗೆ ಕಟ್ಟು ಹಾಕುವ ಗಾಜಿನ ಒಂದು ತುಂಡು, ಕಪ್ಪು ಲೈನರಿನ ಒಂದು ಟ್ಯೂಬ್, ನಾಲ್ಕು ಬಾಟಲಿ ಬಣ್ಣ ಕೊಟ್ಟರು. ಗೆರೆ ಎಳೆದು ಒಳಗೆ ಬಣ್ಣ ತುಂಬಿ ಅಂದರು. ಅದು ಗ್ಲಾಸ್ ಪೇಂಟಿಂಗ್. ಅದರಲ್ಲಿ ತಪ್ಪೇನೂ ಇಲ್ಲ, ನನ್ನ ಅಕ್ಕನ ಮಗಳಿಗೆ ಅದೇ ಇಷ್ಟ. ಆದರೆ ನಾನು ಗಾಜು ಕತ್ತರಿಸಬೇಕು ಅಂತ ಹೋಗಿದ್ದೆ, ನವಿಲಿನ ಬಾಲಕ್ಕೆ ಬಣ್ಣ ತುಂಬಿ ವಾಪಸ್ ಬಂದೆ.

ಹಾಗಾಗಿ ಫೋನ್ ಮಾಡಿ ಕೇಳಿ: ಗಾಜನ್ನು ನಾವೇ ಕತ್ತರಿಸುತ್ತೇವಾ? ಜೋಡಿಸುವುದು ಬೆಸುಗೆಯಿಂದಲೋ, ಕಿಲ್ನ್ ಅನ್ನುವ ಗೂಡಿನಲ್ಲಿ ಕರಗಿಸಿಯೋ? ಮಾಡಿದ್ದನ್ನು ಅವತ್ತೇ ಮನೆಗೆ ತರಬಹುದಾ? ಇಷ್ಟು ಕೇಳಿದರೆ ಸಾಕು, ಯಾವ ಕ್ಲಾಸು ಅಂತ ಗೊತ್ತಾಗುತ್ತದೆ.

ಕಿಲ್ನ್ ಅಂತ ಹೇಳಿದರೆ ಅದು ಫ್ಯೂಸಿಂಗ್. ಗಾಜಿನ ಚೂರುಗಳನ್ನು ಒಂದರ ಮೇಲೊಂದು ಇಟ್ಟು, ಕರೆಂಟಿನ ಗೂಡಿನಲ್ಲಿ ಸುಮಾರು 800 ಡಿಗ್ರಿಗೆ ಕಾಯಿಸಿ ಒಂದಾಗಿಸುವುದು. ಕಾಯಿಸುವುದಕ್ಕಿಂತ ಆರಿಸುವುದು ದೊಡ್ಡ ಕೆಲಸ. ಬೇಗ ಆರಿದರೆ ಒಳಗೆ ಬಿಗಿತ ಉಳಿದು ಗಾಜು ಸೀಳುತ್ತದೆ, ಅದಕ್ಕೇ ಸುಮಾರು 500 ಡಿಗ್ರಿಯ ಹತ್ತಿರ ಸ್ವಲ್ಪ ಹೊತ್ತು ನಿಲ್ಲಿಸಿ, ಆಮೇಲೆ ನಿಧಾನಕ್ಕೆ ಇಳಿಸುತ್ತಾರೆ. ನೀವು ಮಾಡಿದ್ದು ಮಾರನೇ ದಿನವೋ ಮುಂದಿನ ವಾರವೋ ಕೈಗೆ ಸಿಗುತ್ತದೆ. ಇನ್ನೊಂದು, ಎಲ್ಲ ಗಾಜೂ ಕಾದಾಗ ಒಂದೇ ಸಮ ಹಿಗ್ಗುವುದಿಲ್ಲ. ಫ್ಯೂಸಿಂಗ್ ಹಾಳೆಗಳಿಗೆ 90, 96 ಅಂತ ನಂಬರ್ ಇರುತ್ತದೆ, ಅದು ಹಿಗ್ಗುವಿಕೆಯ ಅಳತೆ. 90ನ್ನೂ 96ನ್ನೂ ಬೆರೆಸಿದರೆ ಗೂಡಿನಿಂದ ಚೆನ್ನಾಗಿಯೇ ಹೊರಗೆ ಬರಬಹುದು, ನಾಲ್ಕು ದಿನ ಬಿಟ್ಟು ಶೋಕೇಸಿನಲ್ಲೇ ಟಪ್ ಅಂತ ಬಿರುಕು ಬಿಡುತ್ತದೆ. ಮನೆಯ ಹಳೇ ಬಾಟಲಿ, ಬಳೆ ಎಲ್ಲ ಸೇರಿಸಿ ಕರಗಿಸೋಣ ಅನ್ನುವ ಆಸೆ ಇದ್ದರೆ ಈಗಲೇ ಬಿಟ್ಟುಬಿಡಿ.

ಬೆಂಕಿಯ ಮುಂದೆ ಕೂತು ಗಾಜಿನ ಕಡ್ಡಿ ಕರಗಿಸಿ ಮಣಿ ಮಾಡುವುದೂ ಒಂದಿದೆ, ಲ್ಯಾಂಪ್‌ವರ್ಕ್. ಚಿಕ್ಕವರಿದ್ದಾಗ ಒಡೆದ ಬಳೆ ಚೂರನ್ನು ದೀಪದ ಕುಡಿಗೆ ಹಿಡಿದು, ಎರಡು ತುದಿ ಬಗ್ಗಿ ಕೂಡುವವರೆಗೆ ಕಾಯಿಸಿ, ಒಂದರೊಳಗೊಂದು ಸಿಕ್ಕಿಸಿ ಸರ ಮಾಡಿ ಬಾಗಿಲಿಗೆ ಕಟ್ಟುತ್ತಿದ್ದೆವಲ್ಲ, ಅದರ ದೊಡ್ಡಣ್ಣ. ನಮ್ಮಜ್ಜಿಯ ಹತ್ತಿರ ಅಂಥ ಮೂರು ಸರ ಇತ್ತು. ನಾನು ಬೆರಳು ಸುಟ್ಟುಕೊಂಡು ಮಾಡಿದ್ದು ಅರ್ಧ ಸರ.

ಬೆಸುಗೆ ಅಂತ ಹೇಳಿದರೆ ಅದು ನಾನು ಕಲಿತದ್ದು, ತಾಮ್ರದ ಟೇಪಿನ ಸ್ಟೇನ್ಡ್ ಗ್ಲಾಸ್. ಚಿತ್ರ ಬಾರದವರಿಗೆ ಇದೇ ಸರಿ ಅಂತ ನನ್ನ ಅಭಿಪ್ರಾಯ. ಯಾಕೆಂದರೆ ಇಲ್ಲಿ ಚಿತ್ರ ಬರೆಯುವುದೇ ಇಲ್ಲ. ಪ್ಯಾಟರ್ನ್ ಅವರೇ ಕೊಡುತ್ತಾರೆ, ಎರಡು ಪ್ರತಿ. ಒಂದರ ತುಂಡುಗಳಿಗೆ ನಂಬರ್ ಹಾಕಿ, ಕತ್ತರಿಸಿ, ಗಾಜಿನ ಮೇಲೆ ಇಟ್ಟು ಸುತ್ತ ಮಾರ್ಕರ್‌ನಲ್ಲಿ ಗೆರೆ ಎಳೆಯುವುದು. ಬ್ಲೌಸ್ ಕಟಿಂಗ್ ಮಾಡಿದ್ದರೆ ನಿಮಗೆ ಅರ್ಧ ಗೊತ್ತು.

ನಮ್ಮದು ಬೆಳಿಗ್ಗೆ ಹತ್ತರಿಂದ ಸಂಜೆ ಐದು. ಆರು ಜನ ಇದ್ದೆವು. ಬಣ್ಣದ ಗಾಜು ಮುಟ್ಟಲು ಬಿಡಲಿಲ್ಲ, ಮೊದಲ ಒಂದು ಗಂಟೆ ಬರೀ ಕಿಟಕಿ ಗಾಜು, 3 ಮಿಲಿಮೀಟರ್ ದಪ್ಪದ್ದು, ಅದರ ಮೇಲೆ ಕಟರ್ ಎಳೆಯುವುದು. ಇದು ಬೇಜಾರಿನ ಭಾಗ ಅಂದುಕೊಂಡು ಹೋದೆ. ಇಡೀ ದಿನದಲ್ಲಿ ನನಗೆ ನಿಜವಾಗಿ ಸಿಕ್ಕಿದ್ದು ಇದೇ ಒಂದು ಗಂಟೆ.

ಗಾಜನ್ನು ಯಾರೂ ಕತ್ತರಿಸುವುದಿಲ್ಲ, ಗೊತ್ತಾ? ಕಟರಿನ ತುದಿಯಲ್ಲಿ ಸಾಸಿವೆಗಿಂತ ಸ್ವಲ್ಪ ದೊಡ್ಡ ಗಟ್ಟಿ ಲೋಹದ ಚಕ್ರ ಇರುತ್ತದೆ. ಅದು ಗಾಜಿನ ಮೇಲ್ಮೈಯಲ್ಲಿ ಒಂದು ಸಣ್ಣ ಗೀರು ಬಿಡುತ್ತದೆ, ಅಷ್ಟೇ. ಮಿಕ್ಕದ್ದು ನೀವು ಬಗ್ಗಿಸಿದಾಗ ಗಾಜು ತಾನೇ ಮಾಡಿಕೊಳ್ಳುತ್ತದೆ. ಕಡ್ಲೆಮಿಠಾಯಿ ತಟ್ಟೆಗೆ ಸುರಿದು ಬಿಸಿ ಇದ್ದಾಗಲೇ ಚಾಕುವಿನಲ್ಲಿ ಗೆರೆ ಹಾಕಿ, ಆರಿದ ಮೇಲೆ ಆ ಗೆರೆಗೇ ಮುರಿಯುತ್ತೀವಲ್ಲ, ಹಾಗೆ.

ನಾನು ಮೊದಲ ಸಲ ಬಲವಾಗಿ ಒತ್ತಿದೆ. ಕತ್ತರಿಸುವುದು ಅಂದರೆ ಒತ್ತುವುದು ಅಂತ ತಾನೇ ಯಾರಿಗಾದರೂ ಅನ್ನಿಸುವುದು. ಗೀರಿನ ಎರಡೂ ಪಕ್ಕ ಬಿಳಿ ಪುಡಿ ಎದ್ದಿತು. ಕಲಿಸುವವರು ಬಂದು ನೋಡಿ, ‘ಇಷ್ಟು ಸಿಟ್ಟು ಬೇಡ ಮೇಡಂ’ ಅಂದರು. ಪುಡಿ ಎದ್ದರೆ ಜಾಸ್ತಿ ಒತ್ತಿದ್ದೀರಿ ಅಂತ ಅರ್ಥವಂತೆ. ಎರಡನೇ ಸಲ ಹಗುರವಾಗಿ ಎಳೆದೆ, ಮಧ್ಯೆ ಗೆರೆ ತಪ್ಪಿದ ಹಾಗೆ ಕಂಡು ಅದರ ಮೇಲೇ ಮತ್ತೆ ಎಳೆದೆ. ಅದೂ ತಪ್ಪು. ಒಂದೇ ಗೀರು, ಒಂದೇ ಸಲ, ಈ ಅಂಚಿನಿಂದ ಆ ಅಂಚಿಗೆ, ಮಧ್ಯೆ ಕೈ ಎತ್ತಬಾರದು. ಎರಡು ಸಲ ಎಳೆದರೆ ಚಕ್ರ ಹಾಳು, ಗಾಜು ಯಾವ ಗೆರೆಗೆ ಒಡೆಯಬೇಕು ಅಂತ ತಿಳಿಯದೆ ಎಲ್ಲೋ ಒಡೆಯುತ್ತದೆ.

ಆಮೇಲೆ ಅವರು ಕಣ್ಣಿಗಿಂತ ಕಿವಿಯನ್ನು ನಂಬಿ ಕೆಲಸ ಮಾಡಿ ಅಂದರು. ಸರಿಯಾಗಿ ಎಳೆದರೆ ಕಟರ್ ಒಂದೇ ಸಮನೆ ಸಣ್ಣಗೆ ಸದ್ದು ಮಾಡುತ್ತದೆ, ಹೊಸ ರೇಷ್ಮೆ ಸೀರೆ ಹರಿದ ಹಾಗೆ. ನಮ್ಮ ಬೀದಿಯಲ್ಲಿ ಫೋಟೋಗೆ ಕಟ್ಟು ಹಾಕುವ ಅಂಗಡಿಯವನು ಸ್ಕೇಲಿಟ್ಟು ಚರ್ರ್ ಅಂತ ಒಂದೇ ಎಳೆತ ಎಳೆದು, ಟಕ್ ಅಂತ ಮುರಿದು, ನನ್ನ ಜೊತೆ ಮಾತು ನಿಲ್ಲಿಸದೆ ಬದಿಗಿಡುವುದನ್ನು ನಲವತ್ತು ಸಲ ನೋಡಿದ್ದೇನೆ. ಒಂದು ಸಲವೂ ಅದೊಂದು ವಿದ್ಯೆ ಅನ್ನಿಸಿರಲಿಲ್ಲ. ಅವತ್ತು ಹನ್ನೊಂದೋ ಹನ್ನೆರಡೋ ಗೀರಿಗೆ ಆ ಸದ್ದು ಬಂತು. ಎರಡು ಹೆಬ್ಬೆರಳು ಗೀರಿನ ಆಚೆ ಈಚೆ ಇಟ್ಟು, ಮುಷ್ಟಿ ಕೆಳಗೆ ಸೇರಿಸಿ, ಹೊರಕ್ಕೆ ತಿರುಗಿಸಿದೆ. ಟಕ್. ನೂಲು ಹಿಡಿದ ಹಾಗೆ ನೇರ. ಪಕ್ಕದಲ್ಲಿದ್ದ ಹುಡುಗ ಚಪ್ಪಾಳೆ ಹೊಡೆದ, ನಾಚಿಕೆ ಆಯಿತು.

ಸೊಟ್ಟ ಗೆರೆ ಬೇರೆ ಕಥೆ. ಹೊರಕ್ಕೆ ಉಬ್ಬಿದ ತಿರುವು ಹೇಗೋ ಬರುತ್ತದೆ. ಒಳಕ್ಕೆ ತಗ್ಗಿದ ತಿರುವನ್ನು ಒಂದೇ ಸಲ ತೆಗೆಯಲು ಹೋಗಬೇಡಿ, ಗಾಜು ಅಡ್ಡಡ್ಡ ಹೋಗುತ್ತದೆ. ಮೊದಲು ತೆಳ್ಳಗೆ ಒಂದು ಪದರ, ಆಮೇಲೆ ಇನ್ನೊಂದು, ಇಕ್ಕಳದಲ್ಲಿ ಕಚ್ಚಿ ಕಚ್ಚಿ ತೆಗೆಯಬೇಕು. ಮೂಲೆ ಒಳಗಿರುವ ಆಕಾರವಂತೂ, ಬಡಗಿಯ ಮೂಲೆಮಟ್ಟದ ಹಾಗಿರುವುದು, ಕೈ ಕಟರ್‌ನಲ್ಲಿ ಆಗುವ ಮಾತಲ್ಲ. ನಾನು ಆರಿಸಿಕೊಂಡದ್ದು ಐದು ತುಂಡಿನ ಒಂದು ಎಲೆ. ಸುಲಭ ಅಂತ ಕಂಡಿತ್ತು. ತೊಟ್ಟಿನ ಹತ್ತಿರದ ತುಂಡಿಗೆ ಒಳತಿರುವು ಇತ್ತು, ಅದು ನಾಲ್ಕು ಸಲ ಒಡೆಯಿತು. ಆದ್ದರಿಂದ ನಿಮಗೆ ಪ್ಯಾಟರ್ನ್ ಆರಿಸುವ ಅವಕಾಶ ಕೊಟ್ಟರೆ ನೇರ ಗೆರೆಗಳದ್ದು ತಗೊಳ್ಳಿ, ಚಿಟ್ಟೆ ಬೇಡ. ಎಲ್ಲರೂ ಮೊದಲು ಚಿಟ್ಟೆಗೆ ಕೈ ಹಾಕುತ್ತಾರೆ. ಗುಲಾಬಿ ಬಣ್ಣದ ಹಾಳೆ ಕೇಳಿದರೆ ಕೊಡಲಿಕ್ಕಿಲ್ಲ, ಬೇಜಾರು ಮಾಡಿಕೊಳ್ಳಬೇಡಿ. ಒಳ್ಳೆಯ ಗುಲಾಬಿ ಬರಲು ಗಾಜಿಗೆ ತುಸು ಚಿನ್ನ ಸೇರಿಸುತ್ತಾರೆ, ನಮ್ಮಂಥವರು ನಾಲ್ಕು ಸಲ ಒಡೆಯುವುದಕ್ಕೆ ಅದಲ್ಲ.

ಕತ್ತರಿಸಿದ ಮೇಲೆ ಗ್ರೈಂಡರ್. ನೀರು ಹರಿಯುವ, ವಜ್ರದ ಪುಡಿ ಕೂಡಿಸಿದ ಪುಟ್ಟ ಉರುಳೆ, ಅದಕ್ಕೆ ಅಂಚು ಉಜ್ಜಿ ಸರಿ ಮಾಡುವುದು. ಆಮೇಲೆ ಪ್ರತಿ ತುಂಡಿನ ಅಂಚಿಗೂ ತಾಮ್ರದ ಟೇಪ್ ಸುತ್ತುವುದು. ಸುಮಾರು ಐದೂವರೆ ಮಿಲಿಮೀಟರ್ ಅಗಲದ್ದು, ಅಂಚಿನ ಮಧ್ಯಕ್ಕೆ ಕೂರಿಸಿದರೆ ಎರಡೂ ಕಡೆ ಒಂದೊಂದು ಮಿಲಿಮೀಟರ್ ಚಿಲ್ಲರೆ ಮಡಚಿಕೊಳ್ಳುತ್ತದೆ. ಸೀರೆಗೆ ಫಾಲ್ ಹಚ್ಚುವ ತಾಳ್ಮೆ ಬೇಕು. ಒಂದು ಕಡೆ ಜಾಸ್ತಿಯಾದರೆ ಕೊನೆಗೆ ಬೆಸುಗೆಯ ಗೆರೆ ಒಂದು ಕಡೆ ದಪ್ಪ, ಒಂದು ಕಡೆ ತೆಳ್ಳಗೆ ಕಾಣುತ್ತದೆ. ನನ್ನ ಎಲೆಯಲ್ಲಿ ಈಗಲೂ ಕಾಣುತ್ತದೆ.

ಕೊನೆಗೆ ಫ್ಲಕ್ಸ್, ಅಂದರೆ ಬೆಸುಗೆ ಚೆನ್ನಾಗಿ ಹಿಡಿಯಲು ಹಚ್ಚುವ ಮದ್ದು, ಹಚ್ಚಿ ಬೆಸುಗೆ. ರೇಡಿಯೋ ರಿಪೇರಿಯವರ ಹತ್ತಿರ ಇರುವಂಥದ್ದೇ ಐರನ್, ಸ್ವಲ್ಪ ದಪ್ಪದ್ದು. ತವರ 60, ಸೀಸ 40 ಪಾಲಿನ ತಂತಿ 190 ಡಿಗ್ರಿ ದಾಟುವ ಮೊದಲೇ ಕರಗಿ ತಾಮ್ರದ ಮೇಲೆ ಪಾದರಸದ ಹಾಗೆ ಓಡುತ್ತದೆ. ಗಾಜಿಗೆ ಅಂಟುವುದಿಲ್ಲ, ತಾಮ್ರಕ್ಕೆ ಮಾತ್ರ ಅಂಟುತ್ತದೆ. ಅದನ್ನು ನೋಡುವುದೇ ಒಂದು ಸುಖ.

ಇಲ್ಲಿ ಸ್ವಲ್ಪ ಗಂಭೀರ ಮಾತು. ಜನ ಹೆದರುವುದು ಹೊಗೆಗೆ. ಆ ಹೊಗೆ ಹೆಚ್ಚಾಗಿ ಫ್ಲಕ್ಸಿನದ್ದು, ಒಳ್ಳೆಯದೇನಲ್ಲ, ಕಿಟಕಿ ತೆಗೆದು ಫ್ಯಾನ್ ಹಾಕಿರಬೇಕು. ಆದರೆ ಸೀಸ ಕುದಿದು ಆವಿಯಾಗಲು ಸಾವಿರದ ಏಳುನೂರು ಡಿಗ್ರಿ ದಾಟಬೇಕು, ಐರನ್ ಅಷ್ಟು ಕಾಯುವುದೇ ಇಲ್ಲ. ಸೀಸ ಮೈಗೆ ಹೋಗುವುದು ಕೈಯಿಂದ ಬಾಯಿಗೆ. ನಾನು ಹೋದ ಜಾಗದಲ್ಲಿ ಕಲಿಸುವುದು ಚೆನ್ನಾಗಿತ್ತು, ಆದರೆ ನಾಲ್ಕು ಗಂಟೆಗೆ ಚಹಾ ಮತ್ತು ಸಮೋಸವನ್ನು ಅದೇ ಮೇಜಿನ ಮೇಲೆ ತಂದಿಟ್ಟರು, ತಂತಿಯ ಪಕ್ಕದಲ್ಲೇ. ನಾನು ಸುಮ್ನೆ ಎದ್ದು ಸೋಪು ಹಾಕಿ ಕೈ ತೊಳೆದು ವರಾಂಡದಲ್ಲಿ ತಿಂದೆ. ಅಲ್ಲೇ ಹೇಳಬೇಕಿತ್ತು, ಹೇಳಲಿಲ್ಲ. ನೀವು ಹೇಳಿ. ಮನೆಗೆ ಬಂದು ಬಟ್ಟೆ ಬದಲಾಯಿಸಿದ ಮೇಲೆ ಮಕ್ಕಳನ್ನು ಎತ್ತಿಕೊಳ್ಳಿ. ಬಸುರಿಯಾಗಿದ್ದರೆ, ಅಥವಾ ಜೊತೆಗೆ ಮಕ್ಕಳನ್ನು ಕರೆದುಕೊಂಡು ಹೋಗುವ ಆಲೋಚನೆ ಇದ್ದರೆ, ಬೆಸುಗೆಯ ಕ್ಲಾಸು ಬಿಟ್ಟು ಫ್ಯೂಸಿಂಗಿಗೆ ಹೋಗಿ.

ಕೈ ಕುಯ್ದುಕೊಂಡ ವಿಷಯ. ಗಾಜು ಮುರಿಯುವಾಗ ಏನೂ ಆಗಲಿಲ್ಲ, ಮೈಯೆಲ್ಲ ಕಣ್ಣಾಗಿ ಕೂತಿರುತ್ತೀವಲ್ಲ. ಊಟಕ್ಕೆ ಏಳುವ ಮೊದಲು ಅಭ್ಯಾಸಬಲದಿಂದ, ಅಡುಗೆಮನೆ ಕಟ್ಟೆ ಒರೆಸುವ ಹಾಗೆ, ಅಂಗೈಯಿಂದ ಮೇಜು ಸವರಿದೆ. ಕಣ್ಣಿಗೆ ಕಾಣದಷ್ಟು ಸಣ್ಣ ಚೂರು, ಎರಡು ದಿನ ಚುಚ್ಚುತ್ತಿತ್ತು. ಮೇಜಿನ ಮೇಲೆ ಬ್ರಷ್ ಇತ್ತು, ಅದು ಇದ್ದದ್ದೇ ಅದಕ್ಕೆ. ಚೂರು ಸಿಡಿಯದ ಹಾಗೆ ಕಣ್ಣು ಕಾಯುವ ಕನ್ನಡಕ ಮಾತ್ರ ಒಂದು ನಿಮಿಷವೂ ತೆಗೆಯಬೇಡಿ.

ದುಡ್ಡಿನ ಮಾತು. ನಾನು ಕೊಟ್ಟದ್ದು 3,500, ಸಾಮಾನು ಎಲ್ಲ ಸೇರಿ. ಒಂದು ದಿನಕ್ಕೆ ಜಾಸ್ತಿ ಅಂತ ನಮ್ಮ ಮನೆಯವರು ಈಗಲೂ ಅನ್ನುತ್ತಾರೆ. ಆದರೆ ಗ್ರೈಂಡರ್, ಐರನ್, ಇಕ್ಕಳಗಳು, ಬಣ್ಣದ ಗಾಜು ಎಲ್ಲ ನೀವೇ ಕೊಂಡು, ಆಮೇಲೆ ಇದು ನನ್ನ ಕೈಲಾಗುವುದಲ್ಲ ಅಂತ ಗೊತ್ತಾಗುವುದಕ್ಕಿಂತ ಇದು ಅಗ್ಗ. ಕ್ಲಾಸಿಗೆ ಮೊದಲು ಏನನ್ನೂ ಕೊಳ್ಳಬೇಡಿ. ತೀರಾ ಕೈ ತುರಿಸಿದರೆ ಹಾರ್ಡ್‌ವೇರ್ ಅಂಗಡಿಯಲ್ಲಿ ಒಂದು ಕಟರ್ ತಂದು, ಗಾಜಿನ ಅಂಗಡಿಯಲ್ಲಿ ಉಳಿದ ತುಂಡು ಕೇಳಿ ಇಸ್ಕೊಂಡು, ಗೀರು ಎಳೆದು ಅಭ್ಯಾಸ ಮಾಡಿ.

ನಾನು ಮೈಸೂರಿನವಳು. ಕ್ಲಾಸು ಮುಗಿಸಿದ ಮುಂದಿನ ತಿಂಗಳು ಊರಿಗೆ ಹೋದಾಗ ಅರಮನೆಗೆ ಹೋದೆ, ನೆಂಟರನ್ನು ಕರೆದುಕೊಂಡು ಎಷ್ಟು ಸಲ ಹೋಗಿದ್ದೇನೋ ಲೆಕ್ಕವಿಲ್ಲ. ಕಲ್ಯಾಣ ಮಂಟಪದ ಗಾಜಿನ ಸೂರು ಇದೆಯಲ್ಲ, ನವಿಲುಗಳದ್ದು, ಗ್ಲಾಸ್ಗೋದಿಂದ ಬಂದದ್ದು. 1912ರಲ್ಲಿ ಅರಮನೆ ಮುಗಿದಾಗಿನಿಂದ ಜನ ತಲೆ ಎತ್ತಿ ನವಿಲು ನೋಡುತ್ತಿದ್ದಾರೆ, ನಾನೂ ನೋಡಿದ್ದೆ. ಈ ಸಲ ನವಿಲಿನ ಕತ್ತಿನ ಒಳತಿರುವು ಕಣ್ಣಿಗೆ ಬಿತ್ತು. ಅದನ್ನು ಎಷ್ಟು ತುಂಡು ಮಾಡಿ ಎಲ್ಲೆಲ್ಲಿ ಗೆರೆ ಬಿಟ್ಟಿದ್ದಾರೆ ಅಂತ ಹುಡುಕುತ್ತಾ ನಿಂತೆ, ಕಾವಲಿನವರು ಮುಂದೆ ನಡೀರಿ ಅನ್ನುವವರೆಗೂ.

ನನ್ನ ಎಲೆ ಅಡುಗೆಮನೆ ಕಿಟಕಿಯಲ್ಲಿ ನೇತಾಡುತ್ತಿದೆ. ಸಂಜೆ ನಾಲ್ಕೂವರೆಗೆ ಬಿಸಿಲು ಅದರ ಮೇಲೆ ಬಿದ್ದಾಗ ಅಕ್ಕಿ ಡಬ್ಬದ ಮೇಲೆ ಅಂಗೈಯಗಲ ಹಸಿರು ಮೂಡುತ್ತದೆ, ಹತ್ತು ನಿಮಿಷ ಇದ್ದು ಗೋಡೆಗೆ ಜಾರಿ ಹೋಗುತ್ತದೆ.

ಅಂದಹಾಗೆ ಚಪ್ಪಲಿ ಹಾಕಿಕೊಂಡು ಹೋಗಬೇಡಿ. ಶೂ, ಹತ್ತಿ ಬಟ್ಟೆ, ಕೂದಲು ಬಿಗಿಯಾಗಿ ಕಟ್ಟಿಕೊಳ್ಳಿ. ದುಪಟ್ಟಾ ಮನೆಯಲ್ಲೇ ಬಿಡಿ.