ಐಟಿಐ ಎಲೆಕ್ಟ್ರಿಷಿಯನ್ ಆಗಲು ಹೈಸ್ಕೂಲ್ ಗಣಿತ, ವಿಜ್ಞಾನ ನಿಜವಾಗ್ಲೂ ಬೇಕಾ?

ಖಂಡಿತ ಬೇಕು. ಈ ಟ್ರೇಡಿಗೆ ಗಣಿತ, ವಿಜ್ಞಾನ ಓದಿ ಹತ್ತನೇ ಕ್ಲಾಸ್ ಪಾಸಾಗಿರಬೇಕು ಅನ್ನುವ ನಿಯಮ ಸುಮ್ನೆ ಇಟ್ಟದ್ದಲ್ಲ. ವೈರಿನಲ್ಲಿ ಎಷ್ಟು ಕರೆಂಟ್ ಹರಿಯುತ್ತದೆ ಅನ್ನುವುದು ಕಣ್ಣಿಗೆ ಕಾಣುವುದಿಲ್ಲ. ಲೆಕ್ಕ ಹಾಕಿಯೇ ತಿಳಿಯಬೇಕು.

2000 ವ್ಯಾಟಿನ ಗೀಸರ್ ತಗೊಳ್ಳಿ. 2000ವನ್ನು ನಮ್ಮ ಮನೆ ಕರೆಂಟಿನ 230 ವೋಲ್ಟಿನಿಂದ ಭಾಗಿಸಿದರೆ ಸುಮಾರು 8.7 ಆಂಪಿಯರ್ ಬರುತ್ತದೆ. ಹಾಗಾಗಿ 6 ಆಂಪಿಯರ್ ಸಾಕೆಟ್ ಸಾಲದು, 16 ಆಂಪಿಯರಿನದೇ ಬೇಕು. ಇದು ಬರೀ ಭಾಗಾಕಾರ. ಅಸಲಿ ವಿಷಯ ಮುಂದಿದೆ: ವೈರಿನಲ್ಲಿ ಹುಟ್ಟುವ ಬಿಸಿ ಕರೆಂಟಿನ ವರ್ಗಕ್ಕೆ (ಅದನ್ನು ಅದರಿಂದಲೇ ಗುಣಿಸಿದಾಗ ಬರುವ ಸಂಖ್ಯೆಗೆ) ತಕ್ಕಂತೆ ಏರುತ್ತದೆ. ಕರೆಂಟ್ ಎರಡು ಪಟ್ಟಾದರೆ ಬಿಸಿ ನಾಲ್ಕು ಪಟ್ಟು! 'ಸ್ವಲ್ಪ ಜಾಸ್ತಿ ಲೋಡ್ ಅಷ್ಟೇ ಅಲ್ವಾ' ಅಂದುಕೊಂಡ ಕಡೆ ವೈರಿನ ಹೊದಿಕೆ ಕರಗುವುದು ಇದರಿಂದಲೇ.

ಶಾಲೆಯಲ್ಲಿ ಈ ವರ್ಗದ ಲೆಕ್ಕ ಗಣಿತದ ಪೀರಿಯಡ್ಡಿಗೆ, ಕರೆಂಟಿನ ಪಾಠ ವಿಜ್ಞಾನದ ಪೀರಿಯಡ್ಡಿಗೆ ಬರುತ್ತದೆ. ಎರಡನ್ನೂ ಜೋಡಿಸಿ ತೋರಿಸುವುದು ಕಡಿಮೆ, ಅದೇ ಬೇಜಾರು. ನೀವು ಮನೆಯಲ್ಲೇ ಇಸ್ತ್ರಿ ಪೆಟ್ಟಿಗೆ, ಕೆಟಲ್, ಬಲ್ಬಿನ ಮೇಲಿನ ವ್ಯಾಟ್ ಓದಿಸಿ, ಒಂದೊಂದೂ ಎಷ್ಟು ಆಂಪಿಯರ್ ಎಳೆಯುತ್ತದೆ ಅಂತ ಮಗುವಿನಿಂದಲೇ ಲೆಕ್ಕ ಮಾಡಿಸಿ. ಮಿಕ್ಸಿ, ಫ್ಯಾನು ಆಮೇಲೆ ನೋಡಿದರಾಯಿತು. ಮೋಟಾರಿನ ಲೆಕ್ಕಕ್ಕೆ ಇನ್ನೊಂದು ಅಂಶ ಸೇರುತ್ತದೆ.